ಕಾಗೆ ಮುಟ್ಟದ ಎಡೆ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಹುಣಸೂರು ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಒಂದು ಬೆಳಿಗ್ಗೆ ಗಾವಡಗೆರೆ ಕಡೆಯ ಹಳ್ಳಿಯೊಂದರಿಂದ ಫೋನ್ ಬಂತು. ಕೆರೆ ಏರಿಯ ಕೆಳಗೆ ಕಾಗೆಗಳು ಸತ್ತು ಬಿದ್ದಿವೆ ಎಂದರು. ಹಕ್ಕಿಜ್ವರವಿರಬಹುದೆಂದು ಗ್ಲೌಸ್, ಮಾಸ್ಕ್, ಐಸ್ ಬಾಕ್ಸ್ ಹಿಡಿದು ಹೊರಟೆ.

ಹತ್ತೊಂಬತ್ತು ಕಾಗೆಗಳನ್ನು ಎಣಿಸಿದೆ. ಪಕ್ಕದಲ್ಲೇ ಎರಡು ನಾಯಿಗಳೂ ಸತ್ತಿದ್ದವು. ಅಲ್ಲಿ ಚೆಲ್ಲಿದ್ದ ಕೋಳಿ ಕರುಳಿಗೆ ಹೊಲಕ್ಕೆ ಹಾಕುವ ಕೀಟನಾಶಕದ ಹರಳು ಅಂಟಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಆರು ಕಾಗೆಗಳನ್ನು ಲ್ಯಾಬಿಗೆಂದು ಕಟ್ಟಿಟ್ಟೆ. ಉಳಿದವನ್ನು ಸುಣ್ಣ ಹಾಕಿ ಹೂಳಲು ನಮ್ಮ ಅಟೆಂಡರ್ ಗುಂಡಿ ತೋಡತೊಡಗಿದರು.

ಕೂಗಳತೆಯ ದೂರದ ಹೊಲದಲ್ಲಿ ಜನ ನೆರೆದಿದ್ದರು. ಜಯಮ್ಮ ಎಂಬವರ ಗಂಡನ ಹನ್ನೊಂದನೇ ದಿನದ ತಿಥಿ. ಸಮಾಧಿಯ ಮೇಲೆ ಎಡೆ ಇಟ್ಟು ಮೂರು ಗಂಟೆಯಾದರೂ ಒಂದು ಕಾಗೆಯೂ ಬಂದಿರಲಿಲ್ಲ. ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಮುನಿಸಿದೆ ಎಂದು ನಂಬಿಕೆ. ಸಕ್ಕರೆ ಕಾಯಿಲೆಯಿಂದ ಗಂಡನ ಕಾಲು ಕೊಳೆತಾಗ, ಆತ ಬೇಡವೆಂದರೂ ಕತ್ತರಿಸಲು ಸಹಿ ಹಾಕಿದ್ದವರು ಜಯಮ್ಮ. ವಿಷದ ಬಗ್ಗೆ ವಿಚಾರಿಸಲು ನಾನು ಅಲ್ಲಿಗೆ ಹೋದಾಗ ಅವರ ಮೈದುನ ಶಿವಣ್ಣ ಅದನ್ನೇ ಎತ್ತಿ ಆಡುತ್ತಿದ್ದರು. ಆಕೆ ಎಲೆಯ ಮುಂದೆ ಕೈಮುಗಿದು, ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದರು.

ನನಗೆ ತಡೆಯಲಾಗಲಿಲ್ಲ.

"ಯಾರಿಗೂ ಮುನಿಸಿಲ್ಲ. ನಿಮ್ಮೂರ ಕಾಗೆಗಳೆಲ್ಲ ಅಲ್ಲಿ ಸತ್ತು ಬಿದ್ದಿವೆ. ಯಾರೋ ಕೋಳಿ ಕರುಳಿಗೆ ವಿಷ ಬೆರೆಸಿಟ್ಟಿದ್ದಾರೆ," ಎಂದೆ.

ಶಿವಣ್ಣನ ಮುಖ ಬಿಳಿಚಿಕೊಂಡಿತು. ಅವರೇ ಬಾಯಿಬಿಟ್ಟರು. "ನಾಯಿಗಿಟ್ಟಿದ್ದು ಕಣ್ರೀ ಡಾಕ್ಟ್ರಮ್ಮ. ನಮ್ ಕುರಿಮರೀನ ಕಚ್ಚಾಕಿದ್ವು."

ಜಯಮ್ಮನ ಎದೆ ಹಗುರಾಗಬಹುದೆಂದು ನಾನು ತಿಳಿದಿದ್ದೆ. ಆಕೆ ಎದ್ದು ಏರಿಯ ಕಡೆ ನಡೆದರು. ಗುಂಡಿಯಲ್ಲಿದ್ದ ಕಾಗೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಹಿಂದೆ ಬಂದು ನಿಂತಿದ್ದ ಮೈದುನನಿಗೆ ತಣ್ಣಗೆ ಹೇಳಿದರು:

"ಅಂಗಾರೆ ನಿಮ್ಮಣ್ಣ ಬಂದಿದ್ರು ಕಣಪ್ಪ. ಬಂದೋರ್ಗೆ ನೀನು ವಿಷ ಇಕ್ದೆ."

ಶಿವಣ್ಣ ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು. ಆಕೆ ಎಡೆಯನ್ನು ಎಲೆ ಸಮೇತ ತಂದು ಗುಂಡಿಯೊಳಗೆ ಇಡಿಸಿದರು. ನಿಯಮದ ಪ್ರಕಾರ ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಅದರ ಮೇಲೆಯೇ ಸುಣ್ಣ ಸುರಿದೆವು.

ಹಕ್ಕಿಜ್ವರವಲ್ಲ, ಕೀಟನಾಶಕ ಎಂದು ಲ್ಯಾಬ್ ವರದಿ ಬಂತು. ಪೊಲೀಸರಿಗೂ ಒಂದು ಪ್ರತಿ ಕಳಿಸಿದೆ. ಆ ಎರಡು ಮನೆಗಳ ನಡುವೆ ಅವತ್ತು ನಿಂತ ಮಾತು ನಾನು ನಿವೃತ್ತಳಾಗುವವರೆಗೂ ಶುರುವಾಗಿರಲಿಲ್ಲ.

ಸಾವಿನ ಕಾರಣ ಪತ್ತೆಹಚ್ಚುವುದು ನನ್ನ ಕೆಲಸವಾಗಿತ್ತು. ಆ ಕಾರಣವನ್ನು ಹೊತ್ತು ಮನೆಗೆ ಹೋಗುವವರು ಬೇರೆಯವರು. ಅವತ್ತಿನಿಂದ ಯಾವ ಪ್ರಾಣಿ ಸತ್ತರೂ, ಕಾರಣ ಹೇಳುವ ಮೊದಲು, ಕೇಳುತ್ತಿರುವವರಿಗೆ ಆ ಪ್ರಾಣಿ ಏನಾಗಬೇಕು ಎಂದು ವಿಚಾರಿಸುತ್ತಿದ್ದೆ.