ಚೀನೀ ಅಜ್ಜಿಯ ಪಂಕ್ತಿಯಲ್ಲಿ

ಕಳೆದ ಶನಿವಾರ ಒಬ್ಬ ಚೀನೀ ಅಜ್ಜಿಯ ದೆಸೆಯಿಂದ ನಮಗೆ ಕೊನೆಯ ಲೋಕಲ್ ರೈಲು ತಪ್ಪಿತು.

ಅಜ್ಜಿ ಮಾಡಿದ್ದಾದರೂ ಏನು? ಮೂಲೆಯ ಮೇಜಿನಲ್ಲಿ ಕುಳಿತು ಊಟ ಮಾಡುತ್ತಿದ್ದರು. ಅಷ್ಟೇ.

ಮೊದಲಿನಿಂದ ಹೇಳುತ್ತೇನೆ. ಶನಿವಾರಕ್ಕೆ ನಮ್ಮ ಮದುವೆಯಾಗಿ ಹತ್ತು ವರ್ಷ. ಪಾರ್ಲೆಯ ನಮ್ಮ ಎರಡು ಕೋಣೆಯ ಬ್ಲಾಕಿನಲ್ಲಿ ಒಳಕೋಣೆಯಲ್ಲಿ ನಮ್ಮ ಜೊತೆ ಇಬ್ಬರು ಮಕ್ಕಳು, ಹೊರಕೋಣೆಯಲ್ಲಿ ಉಡುಪಿಯಿಂದ ಬಂದ ಮಾವನವರು. ನಾನೂ ಇವರೂ ಮಾತಾಡುವುದೆಂದರೆ ಹಾಲು, ರೇಷನ್, ಸ್ಕೂಲಿನ ಫೀಸು. ಅದೂ ಪಿಸುದನಿಯಲ್ಲಿ. ಹಾಗಾಗಿ ಈ ಸಲ ನಾನೇ ಬಾಯಿಬಿಟ್ಟು ಕೇಳಿದ್ದೆ: ಒಂದೇ ಒಂದು ರಾತ್ರಿ, ನಾವಿಬ್ಬರೇ, ಒಂದು ಇಂಗ್ಲಿಷ್ ಪಿಕ್ಚರ್, ಆಮೇಲೆ ಚೀನೀ ಊಟ. ಇವರು ಒಪ್ಪಿದರು. ಪಕ್ಕದ ಬ್ಲಾಕಿನ ಕುಸುಮ್‌ತಾಯಿ ಮಕ್ಕಳನ್ನು ಮಲಗಿಸಿಕೊಳ್ಳುತ್ತೇನೆಂದರು. ನಾನು ನೀಲಿ ಜಾರ್ಜೆಟ್ ಸೀರೆಗೆ ಇಸ್ತ್ರಿ ಮಾಡಿ ಮೂರು ದಿನ ಮೊದಲೇ ತೆಗೆದಿಟ್ಟೆ.

ಹೊರಡುವ ಹೊತ್ತಿಗೆ ನೋಡಿದರೆ, ಮಾವನವರು ಕೋಟು ತೊಟ್ಟು, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ!

"ನಾನೂ ಬರ್ತೇನೆ ಮಾರಾಯ. ಒಬ್ಬನೇ ಕೂತು ಎಂಥ ಮಾಡ್ಲಿಕ್ಕುಂಟು ಇಲ್ಲಿ?"

ಇವರು ನನ್ನ ಮುಖ ನೋಡಿದರು. ನಾನು ಸೀರೆಯ ನೆರಿಗೆ ನೋಡಿಕೊಂಡೆ.

ಟಾಕೀಸಿನಲ್ಲಿ ಮಾವನವರು ನಮ್ಮಿಬ್ಬರ ನಡುವಿನ ಸೀಟಿನಲ್ಲೇ ಕುಳಿತರು. (ಗಾಳಿ ಅಲ್ಲಿ ಚೆನ್ನಾಗಿ ಬರುತ್ತದಂತೆ.) ನಾಯಕಿ ಅಳುತ್ತಿದ್ದಾಗ ನನ್ನ ಕಡೆ ಬಾಗಿ, "ಆ ಹೆಣ್ಣಿನ ಗಲ್ಲದ ಮೇಲೆ ಸಣ್ಣದೊಂದು ಮಚ್ಚೆ ಉಂಟು. ಪೌಡರ್ ಹಾಕಿ ಮುಚ್ಚಿದ್ದಾಳೆ, ಕಂಡಿತಾ ಮಗಾ?" ಎಂದರು. ನನಗೆ ಕಂಡಿರಲಿಲ್ಲ. ಕಣ್ಣು ತುಂಬಿತ್ತು, ನಾಯಕಿಗಾಗಿ ಅಲ್ಲ.

ಪಿಕ್ಚರ್ ಬಿಟ್ಟಾಗ ಹನ್ನೆರಡಕ್ಕೆ ಹತ್ತು ನಿಮಿಷ. ಕೊನೆಯ ಲೋಕಲ್ ಒಂದಕ್ಕೆ ಐದು ನಿಮಿಷವಿರುವಾಗ. ಚರ್ಚ್‌ಗೇಟಿನಿಂದ ಹತ್ತು ನಿಮಿಷದ ದಾರಿಯಲ್ಲಿ, ಗಲ್ಲಿಯೊಂದರ ಒಳಗೆ ಕೆಂಪು ಕಾಗದದ ದೀಪ ತೂಗುತ್ತಿತ್ತು. ಒಳಗೆ ಎಂಟೇ ಮೇಜು. ಕಲ್ಲಿನ ಮೇಲ್ಮೈ, ತಣ್ಣಗೆ. ಗೋಡೆಯ ಮೇಲೊಂದು ದೊಡ್ಡ ಗಡಿಯಾರ. ಬಟ್ಟಲುಗಳಿಂದ ಏಳುವ ಹಬೆಯಲ್ಲಿ ಆ ಕೆಂಪು ಬೆಳಕು ಕರಗಿ, ಎಲ್ಲರ ಮುಖವೂ ಈಗಷ್ಟೇ ನಿದ್ದೆಯಿಂದ ಎದ್ದಂತೆ ಕಾಣುತ್ತಿತ್ತು.

ಮಾವನವರು ನೂಡಲ್ಸ್ ನೋಡಿ "ಒತ್ತು ಶ್ಯಾವಿಗೆ!" ಎಂದು ಸಂತೋಷಪಟ್ಟರು. ಸೂಪನ್ನು ಸಾರೆಂದು ಅದರ ಮೇಲೆ ಸುರಿದು, ತೋಳು ಮಡಚಿ, ಕೈಯಲ್ಲೇ ಕಲಸಿ ಉಂಡರು. ನಾನು ಕಲಿತ ಕಾನ್ವೆಂಟಿನ ಸಿಸ್ಟರುಗಳು ನೋಡಿದ್ದರೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

"ಇವತ್ತು ಎಂಥ ವಿಶೇಷ, ಇಷ್ಟು ಖರ್ಚು?" ಎಂದು ನಡುವೆ ಕೇಳಿದರು.

"ಮದುವೆಯಾಗಿ ಹತ್ತು ವರ್ಷ ಅಪ್ಪ," ಎಂದರು ಇವರು.

ಮಾವನವರ ಕೈ ಅರ್ಧದಲ್ಲೇ ನಿಂತಿತು. "ಮೊದಲೇ ಹೇಳ್ಬಾರ್ದಾ?" ಎಂದರು.

ನಮ್ಮ ಊಟ ಮುಗಿದಾಗ ಹನ್ನೆರಡೂವರೆ. ನಾನು ಸಿಸ್ಟರುಗಳು ಕಲಿಸಿದಂತೆ ಫೋರ್ಕು ಚಮಚ ಜೋಡಿಸಿಟ್ಟೆ. ಎಂದರೆ, ಊಟವಾಯಿತು. ಇವರು ಎದ್ದರು. ಮಾವನವರು ಏಳಲಿಲ್ಲ. ಎದುರಿನ ಮೂಲೆಯತ್ತ ಗದ್ದ ಎತ್ತಿ ತೋರಿಸಿದರು. ಅಲ್ಲಿ ಹೋಟೆಲಿನವರ ಮುದುಕಿ ತಾಯಿ ಪುಟ್ಟ ಬಟ್ಟಲು ಹಿಡಿದು, ಎರಡು ಕಡ್ಡಿಗಳಲ್ಲಿ ನಿಧಾನವಾಗಿ ಉಣ್ಣುತ್ತಿದ್ದರು.

"ಹಿರಿಯರು ಉಣ್ತಾ ಇದ್ದಾರೆ. ಎದುರಿಂದ ಎದ್ದು ಹೋಗುವುದು ಹೇಗೆ?"

"ಅಪ್ಪ, ಇದು ಹೋಟೆಲು. ನಮ್ಮನೆ ಪಂಕ್ತಿ ಅಲ್ಲ!"

"ಒಂದು ಮಾಡಿನ ಕೆಳಗೆ ಕೂತು ಉಂಡದ್ದು ಹೌದಾ ಅಲ್ವಾ? ಮತ್ತೆ ಪಂಕ್ತಿಯೇ. ಕೂತ್ಕೋ."

ಊರಿನ ಊಟಗಳಲ್ಲಿ ಕೂತವರಿಗೆಲ್ಲ ಇದು ಗೊತ್ತು. ಕೊನೆಯವರದು ಮುಗಿಯುವವರೆಗೆ ಯಾರೂ ಏಳುವಂತಿಲ್ಲ, ಕೈ ತೊಳೆಯುವಂತಿಲ್ಲ. ಮಾವನವರು ಎಂಜಲು ಕೈಯನ್ನು ಬರಿದಾದ ತಟ್ಟೆಯ ಮೇಲಿಟ್ಟುಕೊಂಡು ಕುಳಿತರು. ಐದು ನಿಮಿಷ. ಹತ್ತು ನಿಮಿಷ. ಕೈ ಒಣಗಿತು. ಅಜ್ಜಿಯ ಕಡ್ಡಿಗಳು ಬಟ್ಟಲಿಂದ ಬಾಯಿಗೆ, ಬಾಯಿಂದ ಬಟ್ಟಲಿಗೆ. ಎಷ್ಟು ಅನ್ನ ಹಿಡಿಯುತ್ತದೆ ಆ ಪುಟ್ಟ ಬಟ್ಟಲು?

ಇವರು ತಡೆಯಲಾರದೆ ಗಲ್ಲಾಪೆಟ್ಟಿಗೆಯ ಬಳಿ ಇದ್ದ ಅಜ್ಜಿಯ ಮಗನನ್ನು ಕೇಳಿದರು. ಆತ ನಾಚಿ ನಕ್ಕ. "ಕ್ಯಾ ಕರೇಗಾ ಸಾಬ್? ಮೆಹಮಾನ್ ಖಾತಾ ಹೈ, ತೋ ಹಮಾರಾ ಮಾ ಚಾಪ್‌ಸ್ಟಿಕ್ ನೀಚೆ ನಹೀ ರಖೇಗಾ." ಅತಿಥಿ ಉಣ್ಣುತ್ತಿರುವಾಗ ಅಮ್ಮ ಕಡ್ಡಿ ಕೆಳಗಿಡುವುದಿಲ್ಲವಂತೆ. ಅತಿಥಿಯ ಕೈ ಇನ್ನೂ ತಟ್ಟೆಯ ಮೇಲೇ ಇದೆಯಲ್ಲ!

ಅರ್ಥವಾಯಿತೇ? ಮಾವನವರು ಏಳಲೆಂದು ಅಜ್ಜಿ, ಅಜ್ಜಿ ಏಳಲೆಂದು ಮಾವನವರು. ನನ್ನ ಫೋರ್ಕು ಚಮಚವನ್ನಂತೂ ಯಾರೂ ಕೇಳಲಿಲ್ಲ. ಇವರು ಅದನ್ನೆಲ್ಲ ವಿವರಿಸಿ ಹೇಳಿದರೂ ಮಾವನವರು ಅಲುಗಲಿಲ್ಲ. "ಹಾಗಾದ್ರೆ ಬಹಳ ದೊಡ್ಡ ಮನುಷ್ಯರು," ಎಂದು ಇನ್ನಷ್ಟು ಗಟ್ಟಿಯಾಗಿ ಕುಳಿತರು.

ಗಡಿಯಾರ ಒಂದು ಹೊಡೆಯಿತು. "ಏಳುವ," ಎಂದು ಮಾವನವರು ಎದ್ದೇಬಿಟ್ಟರು. ಅಜ್ಜಿ ಕಡ್ಡಿ ಕೆಳಗಿಟ್ಟು ಎದ್ದು ಬಾಗಿದರು. ಮಾವನವರು ಕೈ ತೊಳೆದು ಬಂದು ಕೈಮುಗಿದರು. ಹೊರಡುವಾಗ ಅಜ್ಜಿಯ ಮೇಜು ದಾಟಿದೆ. ಬಟ್ಟಲು ನೋಡಿದೆ. ಒಂದು ಅಗುಳೂ ಇರಲಿಲ್ಲ. ತಳ ಒಣಗಿ ಎಷ್ಟೋ ಹೊತ್ತಾಗಿತ್ತು.

ಚರ್ಚ್‌ಗೇಟಿನಲ್ಲಿ ಖಾಲಿ ಹಳಿ. ಇನ್ನು ನಾಲ್ಕು ಗಂಟೆಯವರೆಗೆ ಗಾಡಿಯಿಲ್ಲ. ಮಾವನವರು ಬೆಂಚಿನ ಮೇಲೆ ಕೋಟು ಮಡಚಿ ತಲೆಗಿಟ್ಟುಕೊಂಡರು. "ನನಗೆ ನಿದ್ದೆ ಬಂತು. ನೀವಿಬ್ಬರು ಬೇಕಾದ್ರೆ ಸಮುದ್ರ ನೋಡಿ ಬನ್ನಿ," ಎಂದು ಆಚೆ ತಿರುಗಿ ಮಲಗಿದರು.

ಹೋದೆವು. ಮರೈನ್ ಡ್ರೈವಿನಲ್ಲಿ ನಾವಿಬ್ಬರೇ. ದೀಪಗಳ ಸಾಲು ನೀರಿನಲ್ಲಿ ಉದ್ದುದ್ದ ನೂಲಾಗಿ ನಡುಗುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಕಳಚಿದೆ. ಹಾಲು, ರೇಷನ್ ಬಿಟ್ಟು ಏನು ಮಾತಾಡುವುದೆಂದು ಮರೆತುಹೋಗಿತ್ತೋ ಏನೋ.

ಆಮೇಲೆ ಇವರೇ ಹೇಳಿದರು. ದಿನಾ ಆಫೀಸು ಬಿಟ್ಟಮೇಲೆ ಬೇಕೆಂದೇ ಒಂದು ಲೋಕಲ್ ಬಿಡುತ್ತಾರಂತೆ. ಈ ಕಟ್ಟೆಯ ಬಳಿ ಬಂದು ಐದು ನಿಮಿಷ ಸುಮ್ಮನೆ ನಿಂತು ಹೋಗುತ್ತಾರಂತೆ. ಹತ್ತು ವರ್ಷ! ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ಹೋದಮೇಲೆ ನಾನೂ ಅಡುಗೆಮನೆಯ ಕಿಟಕಿಗೆ ಒರಗಿ ಆರಿದ ಕಾಫಿ ಕುಡಿಯುತ್ತ, ಹೋಗುವ ಗಾಡಿಗಳನ್ನು ನೋಡುತ್ತ ನಿಲ್ಲುತ್ತೇನೆಂದೆ. ಅದು ಅವರಿಗೆ ಗೊತ್ತಿರಲಿಲ್ಲ. ಪಿಸುಗುಟ್ಟಬೇಕಾಗಿರಲಿಲ್ಲ. ಆದರೂ ಮೆಲ್ಲಗೇ ಮಾತಾಡಿದೆವು.

ನಾಲ್ಕರ ಲೋಕಲ್‌ನಲ್ಲಿ ಪೇಪರಿನ ಕಟ್ಟುಗಳ ನಡುವೆ ಕುಳಿತಾಗ ಮಾವನವರನ್ನು ಕೇಳಿದೆ: "ಮಾವ, ಆ ಅಜ್ಜಿಯ ಬಟ್ಟಲು ಆಗಲೇ ಖಾಲಿಯಾಗಿತ್ತಲ್ಲ, ನಿಮಗೆ ಕಾಣ್ಲಿಲ್ವಾ?"

"ಎಲ್ಲಿ ಕಾಣುದು ಮಗಾ? ಕನ್ನಡಕ ಮನೆಯಲ್ಲೇ ಬಾಕಿ," ಎಂದು ಕಣ್ಣು ಮುಚ್ಚಿದರು.

ಹಾಗಾದರೆ ನಾಯಕಿಯ ಗಲ್ಲದ ಮಚ್ಚೆ?