ಫ್ಯಾನಿನ ಸದ್ದು, ಅತ್ತೆಯ ಸೋಬಾನ

ಗಂಗಾವತಿಯಲ್ಲಿ ಮದುವೆ ವಿಡಿಯೊಗಳ ಮಿಕ್ಸಿಂಗ್ ಅಂಗಡಿ ನಡೆಸುವ ಹೆಣ್ಣುಮಗಳು ನಾನು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಕ್ಕಿ ಗಿರಣಿಗಳ ಸಾಲಿನಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಅದರೊಳಗೆ ಕೊರಳಿಗೆ ಸರ ಮಾಡಿಸಿಕೊಳ್ಳುವ ಬದಲು ಕೊಂಡ, ವಿಡಿಯೊ ಕೆಲಸದ ಭಾರ ಹೊರುವ ಗ್ರಾಫಿಕ್ಸ್ ಕಾರ್ಡ್.

ಕಳೆದ ಬೇಸಿಗೆಯಲ್ಲಿ ಆ ಕಾರ್ಡು ಕಾದ ಹಂಚಾಯಿತು. ಸ್ವಲ್ಪ ಕೆಲಸ ಕೊಟ್ಟರೂ ಎಂಬತ್ತೆಂಟು ಡಿಗ್ರಿ. ಅದನ್ನು ತಣಿಸಲು ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಒದರುತ್ತಿದ್ದವು. ಬೇರೆ ಸಮಯವಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ವಾರ ನನ್ನ ಅತ್ತೆ ಅದರ ಮುಂದೆ ಕುಳಿತು ಹಾಡಬೇಕಿತ್ತು.

ಅತ್ತೆ ಸೋಬಾನ ಪದ ಹಾಡುವವರು. ಹನುಮಸಾಗರದಲ್ಲಿ ಅವರ ಅಣ್ಣನ ಮೊಮ್ಮಗಳ ಮದುವೆಯಲ್ಲಿ ಅವರು ಬಾಯಿ ತೆರೆದದ್ದೇ ತಡ, ಡಿಜೆಯವನು ಸದ್ದು ಏರಿಸಿದ್ದ. ನಾನು ತೆಗೆದ ವಿಡಿಯೊದಲ್ಲಿ ಅವರ ತುಟಿ ಅಲ್ಲಾಡುವುದಷ್ಟೇ ಇದೆ. ಅತ್ತೆ ಮನೆಗೆ ಬಂದವರೇ, "ಇನ್ನ ಹಾಡಂಗಿಲ್ಲವಾ, ಸಾಕಾತು" ಅಂದುಬಿಟ್ಟರು. ಮದುಮಗಳು ಬಿಡಲಿಲ್ಲ. "ಅಜ್ಜಿ ಪದ ಇಲ್ಲದ ವಿಡಿಯೊ ನನಗ ಬ್ಯಾಡ" ಎಂದು ಫೋನಿನಲ್ಲೇ ಹಟ ಹಿಡಿದಳು. ಕೊನೆಗೆ, ಒಂದೇ ಪದ, ಅದೂ ಮದುಮಗಳ ಮುಖ ಕಣ್ಣೆದುರು ಇದ್ದರೆ ಮಾತ್ರ ಎಂದು ಅತ್ತೆ ಒಪ್ಪಿದರು. ಮುಖ ನೋಡದೆ ಸೋಬಾನ ಹುಟ್ಟುವುದಿಲ್ಲವಂತೆ. ಮದುಮಗಳು ಆಗಲೇ ಗಂಡನ ಮನೆ ಸೇರಿದ್ದಳು, ಫೋನಿನ ಪರದೆ ಅತ್ತೆಯ ಕಣ್ಣಿಗೆ ಹತ್ತದು. ಹಾಗಾಗಿ ನನ್ನ ಅಂಗಡಿಯಲ್ಲೇ, ದೊಡ್ಡ ಪರದೆಯಲ್ಲಿ ವಿಡಿಯೊ ಓಡುತ್ತಿರುವಾಗಲೇ ಹಾಡಬೇಕಾಯಿತು.

ಮೊದಲ ನುಡಿ ಮುಗಿಯುವ ಮೊದಲೇ ಫ್ಯಾನು ಬೊಬ್ಬೆ ಹಾಕಿತು. ಅತ್ತೆ ಸೆರಗು ಕೊಡವಿ ಎದ್ದರು.

"ಇದೂ ಡಿಜೆನ ಆತು, ಬಿಡವಾ."

ನನಗೆ ಪಿತ್ತ ನೆತ್ತಿಗೇರಿತು. ಡಿಜೆಯವನ ಬಾಯಿ ಮುಚ್ಚಿಸಲು ಆಗಿರಲಿಲ್ಲ, ನನ್ನದೇ ಪೆಟ್ಟಿಗೆಯ ಬಾಯಿಯನ್ನೂ ಮುಚ್ಚಿಸಲಾರೆನೇ? ಹೊಸಪೇಟೆಗೆ ಒಯ್ದು ತೋರಿಸು ಎಂದು ಗಂಡ ಹೇಳಿದ. ಕಾರ್ಡು ನನ್ನದು, ನಾನೇ ನೋಡುತ್ತೇನೆ ಎಂದು ಸ್ಕ್ರೂ ಬಿಚ್ಚಿದೆ.

ಕಾರ್ಡಿನ ಅಲ್ಯುಮಿನಿಯಂ ಪಟ್ಟಿಗಳ ನಡುವೆ ಕೆಂಪಗೆ ಏನೋ ಹೆಪ್ಪುಗಟ್ಟಿತ್ತು. ಕುಂಕುಮ! ಜೊತೆಗೆ ವಿಭೂತಿ, ಗಿರಣಿಯ ತೌಡಿನ ದೂಳು, ಎಲ್ಲವನ್ನೂ ಹಿಡಿದಿಟ್ಟ ಊದಿನಕಡ್ಡಿಯ ಜಿಡ್ಡು. ದಿನಾ ಬೆಳಿಗ್ಗೆ ಅಂಗಡಿಯ ಪೂಜೆ ಅತ್ತೆಯದೇ. ಕಂಪ್ಯೂಟರಿಗೆ ಗಾಳಿ ಒಳಹೋಗುವ ಜಾಳಿಗೆ ಇದೆಯಲ್ಲ, ಸರಿಯಾಗಿ ಅದಕ್ಕೇ ವಿಭೂತಿ ಬಳಿದು, ಕುಂಕುಮ ಹಚ್ಚಿ, ಅದರ ಕಿಂಡಿಯಲ್ಲೇ ಊದಿನಕಡ್ಡಿ ಸಿಕ್ಕಿಸುತ್ತಿದ್ದರು. ಫ್ಯಾನು ಭಕ್ತಿಯಿಂದ ಎಲ್ಲವನ್ನೂ ಒಳಗೆ ಎಳೆದುಕೊಂಡಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನಲು ನನ್ನ ನಾಲಿಗೆ ತುರಿಸಿತು. ಹಾಗೆ ಅಂದುಬಿಟ್ಟರೆ ಹಾಡಿಗೆ ಅಲ್ಲಿಗೇ ಮಂಗಳ. ನುಂಗಿಕೊಂಡೆ.

ಆದರೆ ಅತ್ತೆ ಹಿಂದೆಯೇ ನಿಂತಿದ್ದರು.

"ಅದು ನಾ ಹಚ್ಚಿದ ಕುಂಕುಮ ಅಲ್ಲೇನ?"

"ಹೌದ್ರಿ ಅತ್ತಿ."

ಅತ್ತೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ತಂದುಕೊಟ್ಟು ಪಕ್ಕದಲ್ಲಿ ಕುಳಿತರು.

ಪಟ್ಟಿಗಳನ್ನು ಒಂದೊಂದಾಗಿ ಉಜ್ಜಿದೆ. ಕಾರ್ಡಿನ ಚಿಪ್ ಮೇಲೆ ಒಣಗಿದ್ದ, ಶಾಖ ಸಾಗಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಕಾವು ಕಡಿಮೆಯಾಗಲೆಂದು ಕಾರ್ಡಿಗೆ ಹೋಗುವ ವೋಲ್ಟೇಜನ್ನು ತುಸು ಇಳಿಸಿದೆ. ಫ್ಯಾನು ಒಮ್ಮೆಲೇ ಎಗರಾಡದೆ ಮೆಲ್ಲಗೆ, ಒಂದೇ ಸಮ ತಿರುಗುವಂತೆ ಹೊಂದಿಸಿದೆ. ಗೋಡೆಗೆ ಒತ್ತಿಟ್ಟಿದ್ದ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದೆ. ವಿಡಿಯೊ ಓಡಿಸಿ ನೋಡಿದರೆ ಅರವತ್ತಾರು ಡಿಗ್ರಿ! ಕಿವಿ ಇಟ್ಟು ಕೇಳಿದರಷ್ಟೇ ಸದ್ದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಟ್ಟಲು ಬೇರೆ ಯಾರಿದ್ದರು?

ಎದುರಿನ ಗಿರಣಿ ಊಟಕ್ಕೆ ನಿಂತ ಹೊತ್ತು ನೋಡಿ, ತಲೆಯ ಮೇಲಿನ ಫ್ಯಾನನ್ನೂ ಆರಿಸಿ, ಮೈಕ್ ಇಟ್ಟೆ. ಅತ್ತೆ ಬೆವರುತ್ತಾ ಮದುಮಗಳ ಮುಖ ನೋಡುತ್ತಾ ಶುರುಮಾಡಿದರು. ದನಿ ಮಾತ್ರ ಕೋಣೆಯಲ್ಲಿ ಉಳಿಯಿತು. ಎದುರಿಗಿದ್ದವರನ್ನು ಅಲ್ಲಲ್ಲೇ ಪದ ಕಟ್ಟಿ ಹೊಗಳುವುದು ಅವರ ಹಾಡಿನ ರೂಢಿ. ಪದದಲ್ಲಿ ಮದುಮಗಳು ಬಂದಳು, ತವರು ಬಂತು, ಬೀಗರು ಬಂದರು. ಆಮೇಲೆ ಅವರು ಪರದೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು.

"ಕಾದ ಪೆಟಗೀಯ ತಣಿಸಿ ಕುಂತಾಳ
ನಮ್ಮ ಮನಿ ಸೊಸಿ ಜಾಣಿ, ಸೋಬಾನ..."

ಎಷ್ಟೋ ಮದುವೆಗಳಲ್ಲಿ ಊರವರ ಸೊಸೆಯಂದಿರನ್ನು ಹೊಗಳಿದ ಬಾಯಿ ಅದು. ನನ್ನ ಸರದಿ ಎಂದೂ ಬಂದಿರಲಿಲ್ಲ. ಕಣ್ಣು ತುಂಬಿ ಪರದೆ ಮಂಜಾಯಿತು. ಒಂದೇ ಪದ ಎಂದಿದ್ದ ಅತ್ತೆ ಗಿರಣಿ ಮತ್ತೆ ಶುರುವಾಗುವವರೆಗೂ ಹಾಡಿದರು.

ಮಿಕ್ಸಿಂಗ್ ಮಾಡುವಾಗ ಆ ಸಾಲನ್ನು ತೆಗೆಯಬೇಕಿತ್ತು. ಬೇರೆಯವರ ಮದುವೆಯಲ್ಲಿ ನನ್ನ ಹೊಗಳಿಕೆಗೇನು ಕೆಲಸ? ನಾನು ತೆಗೆಯಲಿಲ್ಲ.