ಶಂಖದ ನಕ್ಷೆಯ ಸೀರೆ

ಮೊನ್ನೆ ಹೊಸ ಸೀರೆಯೊಂದರ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ನಿಮಗೆ ಅದು ಬರೀ ಗಂಜಿ. ನನಗೆ ಸೊಲ್ಲಾಪುರದ ನಮ್ಮ ಜವಳಿ ಅಂಗಡಿ, ಅದರ ಹಿಂದಿನ ಮನೆ, ಅಲ್ಲಿ ನಾನು ಮಾಡಿದ ದಡ್ಡತನ ಎಲ್ಲವೂ ನೆನಪಾಗುತ್ತದೆ.

ಇಸವಿ ಮೂವತ್ತರ ಆಸುಪಾಸು. ಅಣ್ಣನ ಮದುವೆಯಾದದ್ದು ರತ್ನಾಗಿರಿಯಲ್ಲಿ. ವೈನಿಯ, ಅಂದರೆ ನನ್ನ ಅತ್ತಿಗೆಯ, ತಂದೆ ನಮ್ಮ ಅಕ್ಕಲಕೋಟೆ ಕಡೆಯವರೇ, ಬಂದರಿನ ಕಚೇರಿಯಲ್ಲಿ ಕಾರಕೂನರು. ಮೊದಲ ಸಲ ಸಮುದ್ರ ಕಂಡ ಅಣ್ಣ ಬರುವಾಗ ಹೆಬ್ಬೆರಳುದ್ದದ ಶಂಖವೊಂದನ್ನು ಕೊಂಡು ತಂದ. ಅದರ ಮೈತುಂಬ ಕಂದು ಗೆರೆ, ಬಿಳಿ ಮುಕ್ಕೋನ, ಮಗ್ಗದಲ್ಲಿ ನೇಯ್ದಂತಿತ್ತು. ಜವಳಿಯವನ ಕಣ್ಣು ಬಿಟ್ಟೀತೇ? ನೇಕಾರರಿಂದ ಅದೇ ನಕ್ಷೆಯ ಸೀರೆ ನೇಯಿಸಿ ಮೊದಲ ದೀಪಾವಳಿಗೆ ವೈನಿಯ ಮುಂದಿಟ್ಟ.

ವೈನಿ ಮುಟ್ಟಲಿಲ್ಲ. “ಇದೊಂದು ಬ್ಯಾಡ್ರಿ” ಎಂದಷ್ಟೇ ಅಂದರು. ಅವ್ವ ಮುಖ ಊದಿಸಿಕೊಂಡಳು. ಎಂಟು ದಿನ ಸೊಸೆಯೊಡನೆ ಮಾತಿಲ್ಲ. ತವರಿಗೆ ಕಳಿಸಿಬಿಡುವ ಮಾತೂ ಎದ್ದಿತು. ಸೀರೆ ನನ್ನ ಪಾಲಿಗೆ ಬಂತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಉಟ್ಟು ಮೆರೆದದ್ದು ಸಾಲದೆಂದು ಶಂಖವನ್ನು ಅಂಗೈಯಲ್ಲಿಟ್ಟುಕೊಂಡು ಅವರೆದುರು ನಿಂತೆ.

“ನೋಡ್ರಿ ವೈನಿ, ನನಗ ಒಪ್ಪತೈತಿಲ್ಲೋ?”

ನನ್ನ ಕೈಗೆ ಹೊಡೆದು ಅದನ್ನು ಕೆಡವಿದರು. “ಒಗಿ ಅದನ್ನ! ಅದು ಕಡೀತೈತಿ!”

ನಾನು ಬಿದ್ದು ಬಿದ್ದು ನಕ್ಕೆ. ನಮ್ಮ ಬಯಲುಸೀಮೆಗೆ ಶಂಖವೆಂದರೆ ದೇವರ ಮುಂದೆ ಊದುವ ವಸ್ತು. ಅದರೊಳಗೆ ಜೀವವಿರುತ್ತದೆಂದು ಯಾರಿಗೆ ಗೊತ್ತು?

“ನನ್ನ ತಂಗಿ ಇಂಥಾದನ್ನs ಆರಿಸಿ ಉಡಿಯಾಗ ಹಾಕ್ಕೊಂಡಿದ್ಲು” ಎಂದರು ವೈನಿ. “ಒಳಗ ಹುಳ ಜೀವಂತ ಇತ್ತು. ಸೂಜಿ ಚುಚ್ಚಿದಂಗಾತು ಅಂದ್ಲು. ಹೊತ್ತು ಮುಣಗೂದ್ರಾಗ ಉಸಿರು ನಿಂತು ಹೋತು. ಹಬ್ಬದ ದಿನ ಸಾವಿನ ಮಾತು ಹೆಂಗ ಆಡ್ಲಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅವ್ವ ಬಂದು ಸೊಸೆಯ ತಲೆ ನೇವರಿಸಿದಳು. “ನನ್ನ ಬಾಯಾಗ ಮಣ್ಣು ಬೀಳ್ಲಿ. ಯಾಕ ಬ್ಯಾಡ ಅಂತ ಒಂದ್ ಮಾತು ಕೇಳಲಿಲ್ಲ ನಾ.”

ಮರುದಿನವೇ ಸೀರೆ ಬಣ್ಣಗಾರರ ಮನೆಗೆ ಹೋಗಿ ಅಚ್ಚ ಕಪ್ಪಾಗಿ ಬಂತು. ಆ ನಕ್ಷೆ ಮತ್ತೆ ಮಗ್ಗಕ್ಕೇರಲಿಲ್ಲ. ನಾನು ಅತ್ತುಬಿಟ್ಟೆ, ಸತ್ತವಳಿಗಾಗಿ ಅಲ್ಲ, ಸೀರೆಗಾಗಿ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಮೊನ್ನೆ ಆ ಗಂಜಿಯ ವಾಸನೆ ಬಂದ ಮೇಲೆ ಮನಸ್ಸು ತಡೆಯದೆ ಅಕ್ಕಲಕೋಟೆಗೆ ಹೋದೆ. ವೈನಿ ಈಗ ಅಲ್ಲಿ ಮಗನ ಮನೆಯಲ್ಲಿದ್ದಾರೆ. ಚಹಾ ಕುಡಿಯುತ್ತ ಕೇಳಿಯೇಬಿಟ್ಟೆ: “ವೈನಿ, ನಿಮ್ಮ ತಂಗಿ ಹೆಸರೇನಿತ್ರಿ?”

ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು.

“ಸುಂದ್ರಾ” ಎಂದರು. “ಲಗ್ನ ಆಗಿ ಬಂದ ಮ್ಯಾಲ ಆಕಿ ಹೆಸರು ಬಾಯಿಬಿಟ್ಟು ಅಂದಿದ್ದು ಇವತ್ತs ನೋಡು. ಯಾರೂ ಕೇಳಿದ್ದಿಲ್ಲ.”